ಪೆರ್ಲದ ಗುಡ್ಡೆಮನೆಯಲ್ಲಿ ಈಜುಕೊಳ ಕಟ್ಟಿಸಬಹುದೇ?

ಪೆರ್ಲದ ಗೃಹಿಣಿ:

ನಮ್ಮದು ಕಾಸರಗೋಡು ಜಿಲ್ಲೆಯ ಎಣ್ಮಕಜೆ ಪಂಚಾಯತಿನಲ್ಲಿ, ಗುಡ್ಡೆಯ ಇಳಿಜಾರಿನಲ್ಲಿರುವ ಮನೆ. ಕೆಳಗೆ ಅಡಿಕೆ ತೋಟವಿದೆ, ಮೇಲೆ ಗೇರು ಗುಡ್ಡೆಯಿದೆ, ಮನೆಯ ಹಿಂಬದಿಯಲ್ಲಿ ಹಿಂದಿನವರು ಮನೆಗೆಂದು ಕೆಂಪುಕಲ್ಲು ಕಡಿದು ಸಮತಟ್ಟಾದ ಒಂದು ಜಾಗ ಖಾಲಿ ಬಿದ್ದಿದೆ. ಆ ಜಾಗದಲ್ಲಿ ಈಜುಕೊಳವೊಂದನ್ನು ಕಟ್ಟಿಸುವ ಮಾತು ಈಚೆಗೆ ಮನೆಯಲ್ಲಿ ಗಟ್ಟಿಯಾಗುತ್ತಿದೆ. ಅತ್ತೆಯವರಿಗೆ ಮೊಣಕಾಲಿನ ಸವೆತವಿದ್ದು, ನೀರಿನಲ್ಲಿ ವ್ಯಾಯಾಮ ಮಾಡಿದರೆ ಒಳ್ಳೆಯದೆಂದು ವೈದ್ಯರು ಹೇಳಿದ್ದಾರೆ. ಮಗಳಿಗೆ ಈಜು ಕಲಿಯುವ ಆಸೆ. ಬೆಂಗಳೂರಿನಲ್ಲಿರುವ ಮೈದುನನ ಮಕ್ಕಳು ಬೇಸಗೆ ರಜೆಯ ಎರಡು ತಿಂಗಳು ಇಲ್ಲಿಯೇ ಇರುತ್ತಾರೆ.

ಗುತ್ತಿಗೆದಾರರು ತೋರಿಸಿದ ನಕ್ಷೆಯಲ್ಲಿ ಕೊಳದ ಉದ್ದ 8 ಮೀಟರ್, ಅಗಲ 4 ಮೀಟರ್, ಸರಾಸರಿ ಆಳ 1.4 ಮೀಟರ್. ಹಣ ಹೊಂದಿಸಲು ನಮ್ಮಿಂದ ಸಾಧ್ಯವಿದೆ. ಆದರೆ ಕಟ್ಟಿದ ಮೇಲೆ ಇದು ನಮಗೂ ಊರಿಗೂ ಭಾರವಾಗಬಾರದು ಎಂಬುದು ನನ್ನ ಚಿಂತೆ. ನಮಗಿರುವ ಜಲಮೂಲ ಒಂದು ತೆರೆದ ಬಾವಿ ಮತ್ತು ನೀರಿಗಾಗಿ ಗುಡ್ಡೆಯೊಳಕ್ಕೆ ಅಡ್ಡಲಾಗಿ ಕೊರೆದ ಒಂದು ಸುರಂಗ. ಈ ಮಣ್ಣಿನಲ್ಲಿ, ಈ ಮಳೆಯಲ್ಲಿ, ಈ ಬೇಸಗೆಯಲ್ಲಿ ಮನೆಯ ಈಜುಕೊಳ ಎಂಬುದು ವಿವೇಕದ ಕೆಲಸವೇ ಎಂದು ಬಲ್ಲವರು ತಿಳಿಸಬೇಕಾಗಿ ಕೋರುತ್ತೇನೆ.

ಬಾಯಾರಿನ ಕೃಷಿಕ:

ನಿಮ್ಮ ಪ್ರಶ್ನೆಗೆ ಉತ್ತರ ಇರುವುದು ಪತ್ತನಾಜೆಯ (ಮೇ ಕೊನೆಗೆ ಬರುವ ತುಳುನಾಡಿನ ಆಚರಣೆ) ಹೊತ್ತಿಗೆ ನಿಮ್ಮ ಬಾವಿಯಲ್ಲಿ ಎಷ್ಟು ನೀರು ಉಳಿಯುತ್ತದೆ ಎಂಬುದರಲ್ಲಿ. ನಮ್ಮ ಕಡೆ ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ ಬೀಳುತ್ತದೆ, ಜಿಲ್ಲೆಯಲ್ಲಿ ಹನ್ನೆರಡು ನದಿಗಳಿವೆ, ಆದ್ದರಿಂದ ನೀರಿಗೇನು ಬರ ಎಂದು ಹೊರಗಿನವರು ಕೇಳುತ್ತಾರೆ. ಆದರೆ ಈ ಮಳೆಯ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲಿ ಸುರಿದು ಮುಗಿಯುತ್ತದೆ. ಕೆಂಪುಕಲ್ಲಿನ ಗುಡ್ಡೆ ಅದನ್ನು ಕುಡಿಯುವಷ್ಟೇ ಬೇಗ ಬಿಟ್ಟೂ ಬಿಡುತ್ತದೆ. ನದಿಗಳು ಗಿಡ್ಡವಾಗಿರುವುದರಿಂದ ನೀರು ನೇರವಾಗಿ ಕಡಲು ಸೇರುತ್ತದೆ. ಪಕ್ಕದ ಕಾಸರಗೋಡು ಬ್ಲಾಕನ್ನು ಕೇಂದ್ರ ಅಂತರ್ಜಲ ಮಂಡಳಿ 2017ರ ಮೌಲ್ಯಮಾಪನದಲ್ಲಿ ‘ಕ್ರಿಟಿಕಲ್’ (ಅಂತರ್ಜಲ ಗಂಭೀರ ಸ್ಥಿತಿಯಲ್ಲಿರುವ) ವರ್ಗಕ್ಕೆ ಸೇರಿಸಿತ್ತು ಎಂಬುದನ್ನು ಗಮನಿಸಿದರೆ ವಿಷಯ ಸ್ಪಷ್ಟವಾಗುತ್ತದೆ.

ನೀವು ಹೇಳಿದ ಅಳತೆಯ ಕೊಳ ಸುಮಾರು 45,000 ಲೀಟರ್ ಹಿಡಿಯುತ್ತದೆ. ಒಮ್ಮೆ ತುಂಬಿಸುವುದು ದೊಡ್ಡ ಮಾತಲ್ಲ. ಬೇಸಗೆಯಲ್ಲಿ ದಿನಕ್ಕೆ ಸುಮಾರು 5 ಮಿಲಿಮೀಟರ್ ಆವಿಯಾಗುತ್ತದೆಂದು ಹಿಡಿದರೆ, 32 ಚದರ ಮೀಟರಿನ ಮೇಲ್ಮೈಯಿಂದ ದಿನವೊಂದಕ್ಕೆ 160 ಲೀಟರ್ ಹೋಗುತ್ತದೆ. ಮನೆಗೆ ಇನ್ನೊಬ್ಬರು ಬಂದು ಕಾಯಂ ಉಳಿದರೆ ಎಷ್ಟು ನೀರು ಬೇಕೋ ಅಷ್ಟು. ಜನವರಿಯಿಂದ ಮೇವರೆಗೆ ಕೂಡಿಸಿದರೆ ಸುಮಾರು 24,000 ಲೀಟರ್ ಆಯಿತು. ಮರಳಿನ ಫಿಲ್ಟರನ್ನು ವಾರಕ್ಕೊಮ್ಮೆ ಹಿಮ್ಮುಖವಾಗಿ ತೊಳೆಯಲು ಪ್ರತಿ ಸಲ ಐನೂರರಿಂದ ಸಾವಿರ ಲೀಟರ್ ಬೇಕು. ಎರಡನ್ನೂ ಸೇರಿಸಿದರೆ ಬೇಸಗೆಯೊಂದರಲ್ಲೇ ಹೆಚ್ಚುಕಡಿಮೆ ಇನ್ನೊಂದು ಕೊಳದಷ್ಟು ನೀರು ಖರ್ಚಾಗುತ್ತದೆ. ಹನಿ ನೀರಾವರಿಯಲ್ಲಿ ಒಂದು ಅಡಿಕೆ ಮರಕ್ಕೆ ದಿನಕ್ಕೆ 20 ಲೀಟರ್ ಎಂದು ಲೆಕ್ಕ ಹಾಕಿದರೆ, ಅದು ನೂರು ಮರಗಳಿಗೆ ಇಪ್ಪತ್ತು ದಿನದ ನೀರು. ಇದು ಕೈಗೆಟುಕದ ಪ್ರಮಾಣವೆಂದು ನಾನು ಹೇಳುವುದಿಲ್ಲ. ಆದರೆ ಮಕ್ಕಳು ಬಂದು ಕೊಳಕ್ಕೆ ಇಳಿಯುವ ಏಪ್ರಿಲ್–ಮೇ ತಿಂಗಳೇ ಬಾವಿ ತಳ ಕಾಣಿಸುವ ತಿಂಗಳು. ಆಟಿಯಲ್ಲಿ (ಜುಲೈ–ಆಗಸ್ಟ್) ಅಂಗಳದಲ್ಲೆಲ್ಲ ನೀರಿದ್ದಾಗ ಕೊಳದ ಕಡೆಗೆ ಯಾರೂ ಸುಳಿಯುವುದಿಲ್ಲ.

ಇನ್ನೊಂದು ವಿನಂತಿ. ಈಜುಕೊಳದ ಸಲುವಾಗಿ ಕೊಳವೆಬಾವಿ ಕೊರೆಸುವ ಯೋಚನೆಯನ್ನು ದಯವಿಟ್ಟು ಮಾಡಬೇಡಿ. ನಮ್ಮ ಬಾಯಾರು, ಪೈವಳಿಕೆ, ಎಣ್ಮಕಜೆಯ ಸುರಂಗಗಳು ಗುಡ್ಡೆಯ ಮೇಲ್ಪದರದಲ್ಲಿ ಜಿನುಗುವ ನೀರನ್ನೇ ನಂಬಿಕೊಂಡಿವೆ. ಸುತ್ತಲಿನ ಜಲಮಟ್ಟ ಕೆಳಗಿಳಿದರೆ ನಿಮ್ಮ ಸುರಂಗ ಮಾತ್ರವಲ್ಲ, ಕೆಳಮನೆಯವರ ಸುರಂಗವೂ ಒಣಗುತ್ತದೆ.

ಬದಿಯಡ್ಕದ ಸಿವಿಲ್ ಎಂಜಿನಿಯರ್:

ನೀರಿನ ಮಾತು ಮೇಲಿನವರು ಹೇಳಿದ್ದಾರೆ. ನಾನು ನೆಲದ ಮಾತು ಹೇಳುತ್ತೇನೆ. ಕೆಂಪುಕಲ್ಲು ಕಡಿದ ಜಾಗ ಸಮತಟ್ಟಾಗಿರುವುದರಿಂದ ಅಗೆತದ ಖರ್ಚು ಉಳಿಯಿತೆಂದು ಗುತ್ತಿಗೆದಾರರು ಹೇಳಿರಬಹುದು. ಆದರೆ ಕಲ್ಲನ್ನು ಕಡಿಯುತ್ತಾ ಹೋದ ಹಾಗೆ ಗಟ್ಟಿ ಪದರ ತೆಳುವಾಗುತ್ತದೆ, ಅದರ ಕೆಳಗೆ ನಮ್ಮ ಕಡೆ ಸಾಮಾನ್ಯವಾಗಿ ಶೇಡಿಮಣ್ಣು ಇರುತ್ತದೆ. ಶೇಡಿ ಒಣಗಿದ್ದಾಗ ಕಲ್ಲಿನಂತೆ ನಿಂತರೂ ನೀರು ತಗಲಿದ ಕೂಡಲೇ ಕರಗಿ ಜಾರುತ್ತದೆ. ಕೊಳದ ನೀರೇ 45 ಟನ್ ತೂಗುತ್ತದೆ. ಕಾಂಕ್ರೀಟಿನ ಭಾರ ಬೇರೆ. ಅಷ್ಟು ಭಾರವನ್ನು ಇಳಿಜಾರಿನ ಅಂಚಿನಲ್ಲಿ ಶೇಡಿಯ ಮೇಲೆ ಕೂರಿಸಿ, ಕಾಣದ ಒಂದು ಬಿರುಕಿನಿಂದ ವರ್ಷವಿಡೀ ನೀರು ಒಸರಿದರೆ ಕೆಳಗಿನ ದರೆ ಜರಿಯುವ ಅಪಾಯವಿದೆ. ಆದ್ದರಿಂದ ನಕ್ಷೆಗೆ ಒಪ್ಪುವ ಮೊದಲು ಆ ಜಾಗದ ಎರಡು ಮೂಲೆಗಳಲ್ಲಿ ಕೊಳದ ತಳಕ್ಕಿಂತ ಕನಿಷ್ಠ ಒಂದೂವರೆ ಮೀಟರ್ ಕೆಳಗಿನವರೆಗೆ ಗುಂಡಿ ತೋಡಿಸಿ ನೋಡಬೇಕು. ಗುಂಡಿಯಲ್ಲಿ ಬಿಳಿ ಅಥವಾ ಗುಲಾಬಿ ಬಣ್ಣದ ಈ ಜಿಗುಟು ಶೇಡಿಮಣ್ಣು ಕಂಡರೆ ಜಾಗವನ್ನೇ ಬದಲಿಸುವುದು ಲೇಸು.

ಎರಡನೆಯದು ಮಳೆಗಾಲದ ಒರತೆ. ಆಟಿ–ಸೋಣದಲ್ಲಿ (ಜುಲೈ–ಸೆಪ್ಟೆಂಬರ್) ನಮ್ಮ ಗುಡ್ಡೆಗಳಲ್ಲಿ ಜಲ ನೆಲದ ಮಟ್ಟಕ್ಕೇ ಬರುತ್ತದೆ. ಕೊಳ ತುಂಬಿರುವಾಗ ಒಳಗಿನ ನೀರಿನ ಭಾರವು ಹೊರಗಿನ ಒತ್ತಡಕ್ಕೆ ಎದುರಾಗಿ ನಿಲ್ಲುತ್ತದೆ. ಮಳೆಗಾಲದಲ್ಲಿ ಬಳಸುವುದಿಲ್ಲವಲ್ಲ ಎಂದು ಖಾಲಿ ಮಾಡಿಟ್ಟರೆ ಕೆಳಗಿನ ಜಲ ಇಡೀ ತೊಟ್ಟಿಯನ್ನು ಮೇಲಕ್ಕೆತ್ತಬಹುದು, ಇಲ್ಲವೇ ತಳ ಬಿರಿಯಬಹುದು. ಫೈಬರ್‌ಗ್ಲಾಸಿನ ಕೊಳ ಹಗುರವಾದ್ದರಿಂದ ಅದಕ್ಕೆ ಈ ಅಪಾಯ ಇನ್ನೂ ಹೆಚ್ಚು. ಕೊಳದ ಸುತ್ತಲೂ ಜಲ್ಲಿ ತುಂಬಿದ ಚರಂಡಿ, ತಳದಲ್ಲಿ ಒತ್ತಡ ಬಿಡುವ ವಾಲ್ವ್, ಮೇಲಿನ ಗುಡ್ಡೆಯ ನೀರು ಬೇರೆ ದಾರಿಯಲ್ಲಿ ಇಳಿಯುವಂತೆ ಕಣಿ, ಈ ಮೂರನ್ನೂ ಅಂದಾಜು ಪಟ್ಟಿಯಲ್ಲಿ ಬರೆಸಿಕೊಳ್ಳಿ. ಹಲವು ಅಂದಾಜು ಪಟ್ಟಿಗಳಲ್ಲಿ ಟೈಲ್ಸಿನ ಬಣ್ಣಕ್ಕೆ ಒಂದು ಪುಟವಿರುತ್ತದೆ, ಚರಂಡಿಗೆ ಒಂದು ಸಾಲೂ ಇರುವುದಿಲ್ಲ.

ಮಳೆಗಾಲದ ಉಕ್ಕಿನ ಲೆಕ್ಕವನ್ನೂ ಮಾಡಬೇಕು. ಮೂರೂವರೆ ಮೀಟರ್ ಮಳೆ ನೇರವಾಗಿ 1.4 ಮೀಟರ್ ಆಳದ ಕೊಳಕ್ಕೆ ಬೀಳುತ್ತದೆಂದರೆ ಕೊಳದ ಎರಡೂವರೆ ಪಟ್ಟು ನೀರು ವರ್ಷಕ್ಕೆ ಸುರಿಯಿತು. ಅದು ಉಕ್ಕಿ ಎಲ್ಲಿಗೆ ಹೋಗಬೇಕೆಂಬುದನ್ನು ಕಟ್ಟುವ ಮೊದಲೇ ನಿಶ್ಚಯಿಸಬೇಕು. ಪಂಚಾಯತಿನ ಎಂಜಿನಿಯರಿಗೆ ನಕ್ಷೆ ತೋರಿಸಿ, 2019ರ ಕೇರಳ ಪಂಚಾಯತ್ ಕಟ್ಟಡ ನಿಯಮಗಳ ಪ್ರಕಾರ ಪರವಾನಿಗೆಯ ವಿಷಯವನ್ನು ಮೊದಲೇ ಇತ್ಯರ್ಥ ಮಾಡಿಕೊಳ್ಳಿ.

ಕುಂಬಳೆಯಿಂದ, ಮನೆಯಲ್ಲಿ ಕೊಳವಿರುವವರು:

ನಮ್ಮ ಮನೆಯಲ್ಲಿ ಕೊಳವಿದೆ, ಮಕ್ಕಳು ಅದರಲ್ಲೇ ಈಜು ಕಲಿತರು, ಅದನ್ನು ಕಟ್ಟಿಸಿದ್ದರಲ್ಲಿ ನಮಗೆ ತೃಪ್ತಿಯಿದೆ. ಹಾಗಾಗಿ ಬೇಡವೆಂದು ಹೇಳಲು ನಾನು ಬರೆಯುತ್ತಿಲ್ಲ. ಆದರೆ ದಿನನಿತ್ಯದ ಆರೈಕೆ ಯಾರ ಕೈಯಲ್ಲಿರುತ್ತದೆ ಎಂಬುದನ್ನು ನಿಶ್ಚಯಿಸದೆ ಮುಂದುವರಿಯಬೇಡಿ. ಕೊಳದ ನೀರು ಎರಡು ದಿನ ಅಲಕ್ಷ್ಯ ಮಾಡಿದರೆ ಹಸಿರಾಗುತ್ತದೆ, ವಾರ ಕಳೆದರೆ ಸೊಳ್ಳೆ ಮರಿಯಿಡುತ್ತದೆ.

ನೀರಿನಲ್ಲಿ ಉಳಿಕೆ ಕ್ಲೋರಿನ್ 1ರಿಂದ 3 ಪಿಪಿಎಂ (ಹತ್ತು ಲಕ್ಷದಲ್ಲಿ ಒಂದು ಭಾಗಕ್ಕೆ ಒಂದು ಪಿಪಿಎಂ), ಪಿಎಚ್ 7.2ರಿಂದ 7.6, ಕ್ಷಾರೀಯತೆ 80ರಿಂದ 120 ಪಿಪಿಎಂ ಇರಬೇಕು. ನಮ್ಮ ಕೆಂಪುಕಲ್ಲಿನ ಬಾವಿಗಳ ನೀರು ಹುಟ್ಟಿನಿಂದಲೇ ಆಮ್ಲೀಯ ಮತ್ತು ಮೆದು. ಪಿಎಚ್ ಆರರ ಆಸುಪಾಸಿನಲ್ಲಿರುವುದು ಸಾಮಾನ್ಯ. ಅಂತಹ ನೀರು ಟೈಲ್ಸಿನ ಸಂದಿಯ ಸಿಮೆಂಟನ್ನು ಮೆಲ್ಲಗೆ ತಿನ್ನುತ್ತದೆ, ಪಂಪಿನ ಲೋಹವನ್ನೂ ಬಿಡುವುದಿಲ್ಲ. ಮೊದಲು ಅಡುಗೆ ಸೋಡಾ ಹಾಕಿ ಕ್ಷಾರೀಯತೆ ಏರಿಸಿಕೊಂಡು, ಆಮೇಲೆ ಕ್ಲೋರಿನ್ ಕಡೆಗೆ ಹೋಗಬೇಕು. ಅಂಗಡಿಯವರು ಸಾಮಾನ್ಯವಾಗಿ ಕೊಡುವ ಟ್ರೈಕ್ಲೋರ್ ಗುಳಿಗೆ ಪಿಎಚ್ಚನ್ನು ಇನ್ನೂ ಇಳಿಸುವುದರಿಂದ ನಮ್ಮ ನೀರಿಗೆ ಅದೊಂದನ್ನೇ ನಂಬುವಂತಿಲ್ಲ. ಕ್ಯಾಲ್ಸಿಯಂ ಹೈಪೊಕ್ಲೋರೈಟ್ ಹೆಚ್ಚು ಹೊಂದುತ್ತದೆ. ಶೇಕಡಾ 65ರ ಪುಡಿಯಾದರೆ ನಿಮ್ಮ ಕೊಳದಲ್ಲಿ ಒಂದು ಪಿಪಿಎಂ ಏರಿಸಲು ಸುಮಾರು 70 ಗ್ರಾಂ ಸಾಕು. ಇವೆರಡನ್ನು ಒಂದೇ ಡಬ್ಬಿಯಲ್ಲಾಗಲಿ ಒಂದೇ ಸೌಟಿನಲ್ಲಾಗಲಿ ಎಂದಿಗೂ ಬೆರೆಸಬಾರದು, ಬೆಂಕಿ ಹತ್ತಿ ಸಿಡಿಯುತ್ತದೆ. ಬಾವಿಯ ನೀರಿನಲ್ಲಿ ಕಬ್ಬಿಣದ ಅಂಶವಿದ್ದರೆ ಕ್ಲೋರಿನ್ ಹಾಕಿದ ದಿನವೇ ಇಡೀ ಕೊಳ ಕಂದು ಬಣ್ಣಕ್ಕೆ ತಿರುಗುತ್ತದೆ. ಆದ್ದರಿಂದ ತುಂಬಿಸುವ ಮೊದಲೇ ನೀರು ಪರೀಕ್ಷೆ ಮಾಡಿಸಿ.

ಅಡಿಕೆ ತೋಟದ ಪಕ್ಕದಲ್ಲಿ ಕೊಳವಿರುವವರಿಗೆ ಮಾತ್ರ ಇರುವ ತೊಂದರೆಯೊಂದನ್ನು ಹೇಳಬೇಕು. ಮಹಾಳಿಗೆ (ಅಡಿಕೆಯ ಕೊಳೆರೋಗ) ಬೋರ್ಡೋ ದ್ರಾವಣ ಸಿಂಪಡಿಸುವಾಗ ಗಾಳಿಯಲ್ಲಿ ತೇಲಿ ಬರುವ ಮೈಲುತುತ್ತ ಮತ್ತು ಸುಣ್ಣ ಕೊಳಕ್ಕೆ ಬೀಳುತ್ತದೆ. ತಾಮ್ರದಿಂದ ಟೈಲ್ಸಿನ ಮೇಲೆ ಕಲೆ ಕೂರುತ್ತದೆ, ಬಿಳಿಕೂದಲು ಹಸಿರು ಛಾಯೆಗೆ ತಿರುಗುತ್ತದೆ. ಸಿಂಪಡಣೆಯ ದಿನ ಕೊಳವನ್ನು ಪೂರ್ತಿ ಮುಚ್ಚಲೇಬೇಕು. ತೆಂಗಿನ ಮರದ ಕೆಳಗೆ ಕೊಳ ಬೇಡವೆಂದು ಬೇರೆ ಹೇಳಬೇಕಾಗಿಲ್ಲ.

ವಿದ್ಯುತ್ತಿನ ಮಾತು. ಒಂದು ಅಶ್ವಶಕ್ತಿಯ ಪಂಪು ದಿನಕ್ಕೆ ಆರು ಗಂಟೆ ಓಡಿದರೆ ಸುಮಾರು ಆರು ಯೂನಿಟ್, ತಿಂಗಳಿಗೆ 180 ಯೂನಿಟ್. ಕೇರಳದಲ್ಲಿ ಮನೆಬಳಕೆ ತಿಂಗಳಿಗೆ 250 ಯೂನಿಟ್ ದಾಟಿದರೆ ಹಂತಹಂತದ ದರ ತಪ್ಪಿಹೋಗಿ, ಮೊದಲ ಯೂನಿಟ್ಟಿನಿಂದಲೇ ಎಲ್ಲದಕ್ಕೂ ಒಂದೇ ಹೆಚ್ಚಿನ ದರ ಬೀಳುತ್ತದೆ. ಕೊಳದ ಪಂಪಿನ ಖರ್ಚನ್ನು ಲೆಕ್ಕ ಹಾಕುವವರು ಈ ಜಿಗಿತವನ್ನು ಮರೆಯುತ್ತಾರೆ.

ಪೆರ್ಲದ ಗೃಹಿಣಿ:

ಇಷ್ಟು ವಿವರವಾಗಿ ಬರೆದ ಎಲ್ಲರಿಗೂ ಕೃತಜ್ಞತೆಗಳು. ಬಾವಿಯ ವಿಷಯ ಹೇಳುವುದಾದರೆ, ಮೇ ತಿಂಗಳ ನಡುವೆ ಬೆಳಗ್ಗೆ ಅರ್ಧ ಗಂಟೆ ಪಂಪು ಓಡಿದರೆ ನೀರು ಮುಗಿದು, ಮತ್ತೆ ಸಂಜೆಯವರೆಗೆ ಕಾಯಬೇಕಾಗುತ್ತದೆ. ಸುರಂಗದ ನೀರು ಆಗ ಬೆರಳಿನ ಗಾತ್ರಕ್ಕೆ ಇಳಿಯುತ್ತದೆ. ಅದನ್ನು ಕುಡಿಯಲು ಮತ್ತು ದನಗಳಿಗೆ ಮಾತ್ರ ಬಳಸುತ್ತೇವೆ. ಉಪ್ಪಿನಿಂದ ಕ್ಲೋರಿನ್ ತಯಾರಿಸುವ ಯಂತ್ರವಿದ್ದರೆ ಪುಡಿಯ ಗೋಜಿಲ್ಲ ಎಂದು ಗುತ್ತಿಗೆದಾರರು ಹೇಳುತ್ತಾರೆ. ಅದು ಸರಿಯೇ? ತೋಟದ ತುದಿಯಲ್ಲಿ ಹೂಳು ತುಂಬಿದ ಹಳೆಯ ಕೆರೆಯೊಂದಿದೆ, ಅದನ್ನೇ ದುರಸ್ತಿ ಮಾಡಿಸಿದರೆ ಸಾಲದೇ ಎಂದು ಮಾವನವರ ಪ್ರಶ್ನೆ.

ಬಾಯಾರಿನ ಕೃಷಿಕ:

ಉಪ್ಪಿನ ಯಂತ್ರಕ್ಕೆ ನೀರಿನಲ್ಲಿ ಸುಮಾರು 3,000ದಿಂದ 4,000 ಪಿಪಿಎಂ ಉಪ್ಪು ಇರಬೇಕು. ನಿಮ್ಮ 45,000 ಲೀಟರಿಗೆ ಅದು ನೂರೈವತ್ತು ಕಿಲೋ ಆಸುಪಾಸು. ಮಳೆಗಾಲದಲ್ಲಿ ಕೊಳ ಉಕ್ಕಿದಾಗ ಆ ಉಪ್ಪೆಲ್ಲ ಕೆಳಗಿನ ಅಡಿಕೆ ಬುಡಕ್ಕೆ ಇಳಿಯುತ್ತದೆ, ಬೇಸಗೆಗೆ ಮತ್ತೆ ಹೊಸ ಉಪ್ಪು ಹಾಕಬೇಕಾಗುತ್ತದೆ. ತೋಟದ ಮೇಲ್ಬದಿಯಲ್ಲಿ ಅಂತಹ ಕೊಳ ಸಲ್ಲದು. ಕ್ಲೋರಿನ್ ಕೊಳದ ನೀರನ್ನಾದರೆ ನಾಲ್ಕು ದಿನ ಬಿಸಿಲಿಗೆ ಬಿಟ್ಟು, ಕ್ಲೋರಿನ್ ಹೋದ ಮೇಲೆ ತೋಟಕ್ಕೆ ಬಿಡಬಹುದು. ಉಪ್ಪು ಮಾತ್ರ ಬಿಸಿಲಿಗೆ ಹೋಗುವಂಥದ್ದಲ್ಲ.

ಏತಡ್ಕದ ಓದುಗ:

ಮಾವನವರ ಪ್ರಶ್ನೆಯನ್ನು ಹಗುರವಾಗಿ ತೆಗೆದುಕೊಳ್ಳಬಾರದು. ನಮ್ಮ ಊರಿನಲ್ಲಿ ಮಳೆಗಾಲ ಮುಗಿದ ಮೇಲೆ ತೋಡಿಗೆ ಅಡ್ಡಲಾಗಿ ಕಟ್ಟ ಕಟ್ಟುವ ಪದ್ಧತಿ ಇನ್ನೂ ಉಳಿದಿದೆ, ಅದರಿಂದ ಸುತ್ತಲಿನ ಬಾವಿಗಳ ಜಲ ಬೇಸಗೆಯವರೆಗೂ ನಿಲ್ಲುತ್ತದೆ. ಕೆರೆ, ಮದಕ (ಮಳೆನೀರು ಹಿಡಿಯುವ ದೊಡ್ಡ ಹೊಂಡ), ಕಟ್ಟ ಇವುಗಳಿಗೆ ಹಾಕಿದ ಹಣ ನಿಮ್ಮ ಬಾವಿಗೂ ನೆರೆಯವರ ಬಾವಿಗೂ ನೀರಾಗಿ ಮರಳುತ್ತದೆ. ಕಾಂಕ್ರೀಟು ಕೊಳದಿಂದ ಒಂದು ಹನಿಯೂ ನೆಲಕ್ಕೆ ಇಳಿಯುವುದಿಲ್ಲ, ಇಳಿದರೆ ಅದು ಸೋರಿಕೆ. ಕೆರೆಯ ಹೂಳೆತ್ತಿಸಿ, ಕೆಂಪುಕಲ್ಲಿನ ಮೆಟ್ಟಿಲು ಕಟ್ಟಿಸಿ, ಮಕ್ಕಳಿಗೆ ಅಲ್ಲಿಯೇ ಈಜು ಕಲಿಸಬಹುದು. ಈ ಊರಿನಲ್ಲಿ ಈಜು ಬಲ್ಲ ಹಿರಿಯರೆಲ್ಲರೂ ಕೆರೆಯಲ್ಲೇ ಕಲಿತವರು.

ಕಾಸರಗೋಡಿನ ವೈದ್ಯೆ:

ಕೆರೆಯ ದುರಸ್ತಿಯನ್ನು ನಾನು ಮನಸಾರೆ ಒಪ್ಪುತ್ತೇನೆ. ಆದರೆ ಅದರಲ್ಲಿ ಮಕ್ಕಳನ್ನು ಈಜಲು ಬಿಡುವ ಸಲಹೆಯನ್ನು ಈಗಿನ ಸ್ಥಿತಿಯಲ್ಲಿ ಒಪ್ಪಲಾರೆ. 2024 ಮತ್ತು 2025ರಲ್ಲಿ ಕೇರಳದಲ್ಲಿ ಅಮೀಬಿಕ್ ಮೆನಿಂಜೊಎನ್ಸೆಫಲೈಟಿಸ್ (ಅಮೀಬಾದಿಂದ ಬರುವ ಮಿದುಳಿನ ಉರಿಯೂತ) ಪ್ರಕರಣಗಳು ಪದೇಪದೇ ಕಾಣಿಸಿಕೊಂಡು ಮಕ್ಕಳೂ ತೀರಿಕೊಂಡಿದ್ದಾರೆ. ನಿಗ್ಲೇರಿಯಾ ಫೌಲೇರಿ ಎಂಬ ಅಮೀಬಾ ಬೆಚ್ಚಗಿನ ನಿಂತ ಸಿಹಿನೀರಿನಲ್ಲಿ, ತಳದ ಕೆಸರಿನಲ್ಲಿ ಬೆಳೆಯುತ್ತದೆ. ಕುಡಿದರೆ ಅದರಿಂದ ರೋಗ ಬರುವುದಿಲ್ಲ. ಧುಮುಕಿದಾಗ, ಮುಳುಗಿದಾಗ ಮೂಗಿನ ಮೂಲಕ ಮಿದುಳಿಗೆ ಸೇರುತ್ತದೆ. ರೋಗ ಅಪರೂಪದ್ದು, ಬಂದರೆ ಬದುಕಿ ಉಳಿಯುವವರು ಬಹಳ ಕಡಿಮೆ. ಬೇಸಗೆಯಲ್ಲಿ ನೀರು ಕಡಿಮೆಯಾಗಿ ಬಿಸಿಯಾದ ಕೆರೆಗೆ ರಜೆಗೆ ಬಂದ ಮಕ್ಕಳು ಧುಮುಕುವುದು ನಾವು ತಪ್ಪಿಸಬೇಕಾದ ಸಂದರ್ಭವೇ ಆಗಿದೆ. ಸರಿಯಾಗಿ ಕ್ಲೋರಿನ್ ಹಾಕಿದ ಕೊಳದಲ್ಲಿ ಈ ಜೀವಿ ಉಳಿಯುವುದಿಲ್ಲ. ಆದರೆ ಕ್ಲೋರಿನ್ ತಪ್ಪಿದ ಈಜುಕೊಳ ಕೆರೆಗಿಂತ ಸುರಕ್ಷಿತವೆಂದು ತಿಳಿಯಬಾರದು. ನೀಲಿ ಟೈಲ್ಸ್ ನೋಡಿ ನೀರು ಶುದ್ಧವೆಂದು ನಂಬಿಬಿಡುತ್ತೇವೆ.

ಅತ್ತೆಯವರ ಮೊಣಕಾಲಿನ ಬಗ್ಗೆ: ಎದೆಮಟ್ಟದ ನೀರಿನಲ್ಲಿ ನಿಂತಾಗ ಕಾಲಿನ ಮೇಲೆ ಬೀಳುವುದು ದೇಹದ ಭಾರದ ಮೂರನೆಯ ಒಂದು ಭಾಗದಷ್ಟು ಮಾತ್ರ. ಆದ್ದರಿಂದ ಅವರಿಗೆ ಬೇಕಾಗಿರುವುದು ನೀರಿನಲ್ಲಿ ನಡೆಯುವ ಸೌಕರ್ಯ. ಅದಕ್ಕೆ ಎಂಟು ಮೀಟರ್ ಉದ್ದ ಅಗತ್ಯವಿಲ್ಲ, ಆಳ ಒಂದೇ ಸಮವಾಗಿ ಇದ್ದರೆ ಒಳ್ಳೆಯದು. ನಕ್ಷೆಯಲ್ಲಿ ಕಂಬಿಯ ಏಣಿಯಿದ್ದರೆ ಅದನ್ನು ತೆಗೆಸಿ, ಅಗಲವಾದ ಮೆಟ್ಟಿಲು ಮತ್ತು ಎರಡೂ ಬದಿಗೆ ಹಿಡಿಕೆ ಹಾಕಿಸಿ. ಮೊಣಕಾಲು ನೋವಿರುವವರು ಏಣಿಯಲ್ಲಿ ಇಳಿಯಲಾರರು.

ಎಲ್ಲಕ್ಕಿಂತ ಮುಖ್ಯವಾದುದು ಬೇಲಿ. ಚಿಕ್ಕ ಮಕ್ಕಳು ಮುಳುಗುವಾಗ ಕೂಗುವುದಿಲ್ಲ, ಕೈ ಬೀಸುವುದಿಲ್ಲ. ಕೆಲವೇ ನಿಮಿಷಗಳಲ್ಲಿ ಸದ್ದಿಲ್ಲದೆ ಮುಗಿದುಹೋಗುತ್ತದೆ. ಕೊಳದ ನಾಲ್ಕೂ ಸುತ್ತ ಕನಿಷ್ಠ 1.2 ಮೀಟರ್ ಎತ್ತರದ, ಹತ್ತಲು ಅಡ್ಡಪಟ್ಟಿಗಳಿಲ್ಲದ, ಕಂಬಿಗಳ ನಡುವೆ 10 ಸೆಂಟಿಮೀಟರಿಗಿಂತ ಕಡಿಮೆ ಸಂದಿಯಿರುವ ಬೇಲಿ, ತಾನಾಗಿ ಮುಚ್ಚಿ ಚಿಲಕ ಬೀಳುವ ಗೇಟು ಇರಲೇಬೇಕು. ಮನೆಯ ಹಿಂಬಾಗಿಲು ನೇರವಾಗಿ ಕೊಳದ ಕಡೆಗೆ ತೆರೆಯುವಂತಿದ್ದರೆ ಮನೆಗೋಡೆಯನ್ನು ಬೇಲಿಯ ಒಂದು ಬದಿಯಾಗಿ ಎಣಿಸಬಾರದು. ಇದೇ ಮಾತು ತೋಟದ ಕೆರೆಗೂ ಅನ್ವಯಿಸುತ್ತದೆ.

ಬದಿಯಡ್ಕದ ಸಿವಿಲ್ ಎಂಜಿನಿಯರ್:

ವೈದ್ಯೆಯವರ ಮಾತಿನಿಂದ ಒಂದು ದಾರಿ ಕಾಣುತ್ತದೆ. ಕೊಳವನ್ನು 5 ಮೀಟರ್ ಉದ್ದ, 3 ಮೀಟರ್ ಅಗಲ, 1.2 ಮೀಟರ್ ಸಮ ಆಳಕ್ಕೆ ಇಳಿಸಿದರೆ ನೀರು 18,000 ಲೀಟರಿಗೆ, ಮೇಲ್ಮೈ 15 ಚದರ ಮೀಟರಿಗೆ ಇಳಿಯುತ್ತದೆ. ಮರಳಿನ ಬದಲು ಕಾರ್ಟ್ರಿಜ್ ಫಿಲ್ಟರ್ ಹಾಕಿದರೆ ಹಿಮ್ಮುಖ ತೊಳೆತದ ನೀರು ಉಳಿಯುತ್ತದೆ. ರಾತ್ರಿ ಹಗಲು ಹೊದಿಕೆ ಹಾಕಿಟ್ಟು, ಇಳಿಯುವಾಗ ಮಾತ್ರ ತೆಗೆದರೆ ಆವಿಯಾಗುವುದರ ಬಹುಭಾಗ ನಿಲ್ಲುತ್ತದೆ, ಕ್ಲೋರಿನ್ ಕೂಡ ಬಿಸಿಲಿಗೆ ಹಾಳಾಗುವುದಿಲ್ಲ. ಉಳಿದ ನೀರನ್ನು ಮನೆಯ ಮಾಡಿನಿಂದಲೇ (ಛಾವಣಿ) ಪಡೆಯಬಹುದು: 150 ಚದರ ಮೀಟರಿನ ಮಾಡಿಗೆ ನೂರು ಮಿಲಿಮೀಟರ್ ಮಳೆ ಬಿದ್ದರೆ, ಶೇಕಡಾ ಇಪ್ಪತ್ತು ನಷ್ಟ ಕಳೆದು 12,000 ಲೀಟರ್ ಕೈಗೆ ಸಿಗುತ್ತದೆ. ಜೂನ್ ತಿಂಗಳ ಮಳೆಯೊಂದೇ ಕೊಳವನ್ನೂ ಪಕ್ಕದಲ್ಲಿ 15,000 ಲೀಟರಿನ ಮುಚ್ಚಿದ ತೊಟ್ಟಿಯನ್ನೂ ತುಂಬಿಸಿ ಮಿಕ್ಕೀತು. ಆ ತೊಟ್ಟಿಯ ನೀರನ್ನು ಏಪ್ರಿಲ್–ಮೇಗೆಂದು ಮುಟ್ಟದೆ ಇಟ್ಟರೆ ಬಾವಿಗೆ ಕೈಹಾಕುವ ಪ್ರಸಂಗ ಬರಬಾರದು. ಕೊಳಕ್ಕಿಂತ ಮೊದಲು ತೊಟ್ಟಿಯನ್ನು ಕಟ್ಟಿಸಿ ಎಂಬುದು ನನ್ನ ಸಲಹೆ. ಯಾವುದೋ ಕಾರಣಕ್ಕೆ ಕೊಳ ಬೇಡವೆಂದು ತೋರಿದರೂ ತೊಟ್ಟಿ ಉಪಯೋಗಕ್ಕೆ ಬರುತ್ತದೆ.

ಬಾಯಾರಿನ ಕೃಷಿಕ:

ಈ ಲೆಕ್ಕಕ್ಕೆ ನನ್ನ ಆಕ್ಷೇಪವಿಲ್ಲ. ಬಾವಿಯಿಂದ ಕೊಳಕ್ಕೆ ಪೈಪನ್ನೇ ಜೋಡಿಸದಿರಿ ಎಂದಷ್ಟೇ ಸೇರಿಸುತ್ತೇನೆ. ಪೈಪಿದ್ದರೆ ಮೇ ತಿಂಗಳಲ್ಲಿ ಮಕ್ಕಳ ಮುಖ ನೋಡಿ ಯಾರಾದರೂ ವಾಲ್ವ್ ತಿರುಗಿಸುತ್ತಾರೆ.

ಪೆರ್ಲದ ಗೃಹಿಣಿ:

ಮನೆಯಲ್ಲಿ ಎಲ್ಲವನ್ನೂ ಓದಿ ಹೇಳಿದೆ. ಈ ವರ್ಷ ಎರಡು ಕೆಲಸ ಮಾತ್ರ ಮಾಡುವುದೆಂದು ನಿಶ್ಚಯವಾಗಿದೆ: ಕೆರೆಯ ಹೂಳೆತ್ತಿಸಿ ಸುತ್ತ ಬೇಲಿ ಹಾಕಿಸುವುದು, ಮಾಡಿನ ನೀರಿಗೆ ತೊಟ್ಟಿ ಕಟ್ಟಿಸುವುದು. ಜೊತೆಗೆ ಹಿಂಬದಿಯ ಜಾಗದಲ್ಲಿ ಪರೀಕ್ಷೆಯ ಗುಂಡಿ ತೋಡಿಸುತ್ತೇವೆ. ಗುಂಡಿಯಲ್ಲಿ ಶೇಡಿ ಕಾಣದಿದ್ದರೆ, ಮುಂದಿನ ಪತ್ತನಾಜೆಗೆ ತೊಟ್ಟಿಯಲ್ಲಿ ನೀರು ಉಳಿದಿದ್ದರೆ, ಆಗ ಐದು ಮೀಟರಿನ ಕೊಳದ ಮಾತು. ಅಲ್ಲಿಯವರೆಗೆ ಮಗಳನ್ನು ಪೇಟೆಯ ತರಬೇತಿ ಕೊಳಕ್ಕೆ ಕಳುಹಿಸುತ್ತೇವೆ. ಆರೈಕೆಯ ಹೊಣೆಯನ್ನು ನನ್ನ ಪತಿ ಹೊರುವುದಾಗಿ ಹೇಳಿದ್ದಾರೆ. ನೀರಿನ ಪರೀಕ್ಷೆ ಮಾಡುವುದನ್ನು ಅವರು ಈಗಲೇ ಕಲಿಯಬೇಕೆಂದಿದ್ದಾರೆ. ತರಬೇತಿ ಕೊಳಕ್ಕೆ ಮಗಳನ್ನು ಸೇರಿಸುವ ಮೊದಲು ಅಲ್ಲಿ ಏನನ್ನು ನೋಡಬೇಕು?

ಕುಂಬಳೆಯಿಂದ, ಮನೆಯಲ್ಲಿ ಕೊಳವಿರುವವರು:

ತಳದ ಡ್ರೈನ್ ಎಲ್ಲಿದೆ ಎಂದು ಕೇಳಿ, ಅದರ ಜಾಲರಿ ಗಟ್ಟಿಯಾಗಿದೆಯೇ ನೋಡಿ. ಜಾಲರಿ ಕಳಚಿದ್ದರೆ ಪಂಪಿನ ಸೆಳೆತಕ್ಕೆ ಕೂದಲು ಸಿಲುಕಿಕೊಳ್ಳುತ್ತದೆ. ಎರಡು ಡ್ರೈನುಗಳಿದ್ದರೆ ಸೆಳೆತ ಹಂಚಿಹೋಗುತ್ತದೆ. ಕ್ಲೋರಿನ್ ಮತ್ತು ಪಿಎಚ್ ಬರೆದಿಡುವ ದಿನಚರಿ ಪುಸ್ತಕವನ್ನು ತೋರಿಸಲು ಹೇಳಿ. ನೀರಿನಲ್ಲಿ ನಿಂತು ನೋಡಿದರೆ ತಳದ ಗೆರೆಗಳು ಸ್ಪಷ್ಟವಾಗಿ ಕಾಣಬೇಕು. ಕಣ್ಣು ಉರಿಸುವ ಗಾಢವಾದ ವಾಸನೆಯಿದ್ದರೆ ಕ್ಲೋರಿನ್ ಹೆಚ್ಚಾಗಿದೆ ಎಂದು ತಿಳಿಯಬೇಡಿ. ಬೆವರು, ಮೂತ್ರಗಳೊಡನೆ ಸೇರಿ ಕ್ಲೋರಿನ್ ಸವೆದಾಗ ಆ ವಾಸನೆ ಬರುತ್ತದೆ. ನಿಮ್ಮ ಪತಿ ಒಂದು ಪರೀಕ್ಷಾ ಕಿಟ್ ಕೊಂಡು ಜೊತೆಗೆ ಹೋಗಲಿ, ಕಲಿಕೆ ಅಲ್ಲಿಂದಲೇ ಶುರುವಾಗಬಹುದು. ತುಲಾ ತಿಂಗಳ (ಅಕ್ಟೋಬರ್–ನವೆಂಬರ್) ಸಂಜೆಗಳಲ್ಲಿ ಗುಡುಗು ಕೇಳಿಸಿದ ಕೂಡಲೇ ಮಕ್ಕಳನ್ನು ನೀರಿನಿಂದ ಹೊರಗೆ ಕರೆಯುವ ಕ್ರಮ ಅಲ್ಲಿ ಇದೆಯೇ ಎಂಬುದನ್ನೂ ವಿಚಾರಿಸಿ.